ಕೊರೋನಾ ವಾಸಿಯಾದ ಮೇಲೆ ಮೂಗು, ಕಿವಿಗಳ ಎಚ್ಚರಿಕೆ

ಜ್ವರ ಇಳಿದು, ಕೆಮ್ಮು ನಿಂತು, ಹೊಲದ ಕೆಲಸಕ್ಕೆ ಮರಳಿದೊಡನೆ ಕೊರೋನಾ ಪೂರ್ತಿ ಹೋಯಿತೆಂದು ತಾವು ಭಾವಿಸುವುದು ಸಹಜ. ಬಹುಮಂದಿಯಲ್ಲಿ ಅದು ನಿಜವೂ ಹೌದು. ಆದರೆ ಈ ರೋಗಾಣು ದೇಹವನ್ನು ಹೊಗುವ ಮುಖ್ಯ ಬಾಗಿಲು ಮೂಗು. ಆದುದರಿಂದ ಕೆಲವರಲ್ಲಿ ತೊಂದರೆಯು ಅಲ್ಲಿಯೇ ಉಳಿಯುತ್ತದೆ.

ಇವುಗಳಲ್ಲಿ ಸಾಮಾನ್ಯವಾದುದು ವಾಸನೆ ತಿಳಿಯದಿರುವುದು. ಮೂಗಿನ ಮೇಲ್ಭಾಗದಲ್ಲಿ ವಾಸನೆಯ ನರಗಳಿಗೆ ಆಸರೆಯಾಗಿರುವ ಜೀವಕೋಶಗಳು ಹಾನಿಗೊಳ್ಳುವುದೇ ಇದಕ್ಕೆ ಮುಖ್ಯ ಕಾರಣ. ಈ ಕೋಶಗಳು ಮತ್ತೆ ಬೆಳೆಯಬಲ್ಲವು. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ, ಕೆಲವರಿಗೆ ತಿಂಗಳುಗಳ ಮೇಲೆ ಈ ಶಕ್ತಿ ಮರಳುತ್ತದೆ. ಮರಳುವ ಕಾಲದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಒಗ್ಗರಣೆಗಳ ವಾಸನೆ ದುರ್ನಾತವಾಗಿ ತೋರಬಹುದು. ಆದ್ದರಿಂದ ಪತಿಯು ಸಾರಿಗೆ ರುಚಿಯಿಲ್ಲವೆಂದು ತಟ್ಟೆ ಸರಿಸಿದರೆ ದೋಷವು ಅಡಿಗೆಯದಲ್ಲ. ಹಾಲು ಸೀದುದು ಪತ್ನಿಗೆ ತಿಳಿಯದಿದ್ದರೆ ಅದು ಅಲಕ್ಷ್ಯವೂ ಅಲ್ಲ. ಈ ಮಾತು ತಿಳಿಯದೆ ಎಷ್ಟೋ ಮನೆಗಳಲ್ಲಿ ವೃಥಾ ಮನಸ್ತಾಪ ಉಂಟಾಗುತ್ತದೆ. ಒಬ್ಬರಿಗೆ ವಾಸನೆ ತಿಳಿಯದಿರುವಷ್ಟು ಕಾಲ ಅಡಿಗೆ ಅನಿಲದ ಸೋರಿಕೆ, ಹಳಸಿದ ಅನ್ನ ಇವುಗಳನ್ನು ಮತ್ತೊಬ್ಬರು ಗಮನಿಸತಕ್ಕದ್ದು.

ಇದಕ್ಕೆ ಖರ್ಚಿಲ್ಲದ ಅಭ್ಯಾಸವೊಂದುಂಟು. ಲವಂಗ, ಏಲಕ್ಕಿ, ನಿಂಬೆಸಿಪ್ಪೆ, ಗುಲಾಬಿ ಇವುಗಳನ್ನು ದಿನಕ್ಕೆ 2 ಸಲ, ಒಂದೊಂದನ್ನು ಸುಮಾರು 20 ಸೆಕೆಂಡು, ಅದರ ವಾಸನೆಯನ್ನು ನೆನೆಯುತ್ತ ಮೂಸಬೇಕು. ಕನಿಷ್ಠ 3 ತಿಂಗಳು ಬಿಡದೆ ನಡೆಸಬೇಕು.

ಇನ್ನು ಭಯಂಕರವಾದುದು ಕಪ್ಪು ಶಿಲೀಂಧ್ರ. 2021ರ ಎರಡನೆಯ ಅಲೆಯಲ್ಲಿ ಇದು ದೇಶದಲ್ಲೆಲ್ಲ ಕಾಣಿಸಿಕೊಂಡು, ಅದೇ ಮೇ ತಿಂಗಳಲ್ಲಿ ಕರ್ನಾಟಕವೂ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಸಾರಿತು. ಈ ಬೂಷ್ಟು ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ, ಗೊಬ್ಬರದಲ್ಲಿ ಸದಾ ಇರತಕ್ಕದ್ದು, ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ರೋಗಿಯನ್ನು ದೂರವಿಡಬೇಕಾಗಿಲ್ಲ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯವರಲ್ಲಿ, ಸ್ಟೀರಾಯ್ಡ್ ಔಷಧಿಯನ್ನು ಹೆಚ್ಚಾಗಿ ಸೇವಿಸಿದವರಲ್ಲಿ ಇದು ಬೇರೂರುತ್ತದೆ. ಆಮ್ಲಜನಕ ಕಡಿಮೆಯಾದ ರೋಗಿಗೆ ಸ್ಟೀರಾಯ್ಡ್ ಪ್ರಾಣರಕ್ಷಕ. ಅದನ್ನೇ ಅಂಗಡಿಯಿಂದ ತಾವಾಗಿ ತಂದು ನುಂಗಿದರೆ ಸಕ್ಕರೆ ಏರಿ, ರೋಗನಿರೋಧಕ ಶಕ್ತಿ ಕುಂದುತ್ತದೆ.

ಮುಖದ ಒಂದು ಮಗ್ಗುಲಲ್ಲಿ ನೋವು ಅಥವಾ ಜೋಮು, ಮೂಗಿನಿಂದ ಕಪ್ಪು ಇಲ್ಲವೆ ರಕ್ತಮಿಶ್ರಿತ ಸಿಂಬಳ, ಅಂಗುಳಿನಲ್ಲಿ ಕಪ್ಪು ಕಲೆ, ಹಲ್ಲು ಅಲುಗಾಡುವುದು, ಕಣ್ಣಿನ ಸುತ್ತ ಊತ, ಒಂದು ವಸ್ತು ಎರಡಾಗಿ ಕಾಣುವುದು: ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೊರಡಿರಿ. ಸಂತೆ, ಮದುವೆ ಮುಗಿಯಲೆಂದು ಕಾಯಬೇಡಿರಿ. ಸತ್ತ ಮಾಂಸವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು, ಆಂಫೊಟೆರಿಸಿನ್-ಬಿ ಎಂಬ ಔಷಧಿಯನ್ನು ವಾರಗಟ್ಟಲೆ ಕೊಡಬೇಕಾಗುತ್ತದೆ. ತಡವಾದರೆ ಕಣ್ಣು ಹೋಗಬಹುದು, ಪ್ರಾಣವೂ ಹೋಗಬಹುದು.

ಅಪರೂಪವಾಗಿ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾಗುವುದುಂಟು. ಬಿಸಿ ಎಣ್ಣೆ ಹಾಕಬಾರದು. ಇಲ್ಲಿ ವೈದ್ಯರೇ ಸ್ಟೀರಾಯ್ಡ್ ಕೊಡಬಹುದು. ಮೊದಲ ಎರಡು ವಾರಗಳಲ್ಲಿ ಅದರಿಂದ ಹೆಚ್ಚು ಫಲ. ಸಕ್ಕರೆ ಕಾಯಿಲೆಯಿದ್ದರೆ, ಗರ್ಭಿಣಿಯಾಗಿದ್ದರೆ, ಔಷಧಿ ಬರೆಸಿಕೊಳ್ಳುವ ಮೊದಲೇ ವೈದ್ಯರಿಗೆ ತಿಳಿಸಿರಿ.