ರಕ್ತದ ಖನಿಜಗಳು ಮತ್ತು ಸ್ಕಿಜೋಫ್ರೇನಿಯಾ: ರಿಪೋರ್ಟ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಿಂದ ಬರುವ ಮನೆಯವರು ಆಗಾಗ ಒಂದು ರಕ್ತದ ರಿಪೋರ್ಟ್ ತಂದು ನಮ್ಮ ಮುಂದೆ ಇಡುತ್ತಾರೆ. ಅದರಲ್ಲಿ ಸತು ಕಡಿಮೆ, ತಾಮ್ರ ಹೆಚ್ಚು ಎಂದು ಬರೆದಿರುತ್ತದೆ. “ಸಿಸ್ಟರ್‌ರೀ, ಇದೊಂದು ಸರಿ ಮಾಡಿದ್ರ ನನ್ನ ಮಗ ಆರಾಮ ಆಗ್ತಾನಲ್ರಿ? ತಲಿ ಗುಳಿಗಿ ಬಿಡಿಸಬಹುದಲ್ರಿ?” ಎಂದು ಒಬ್ಬ ತಾಯಿ ಕೇಳಿದರು. ಕೇಳುವ ಮೊದಲೇ ಅವರು ಗುಳಿಗೆ ನಿಲ್ಲಿಸಿ ಸತುವಿನ ಟಾನಿಕ್ ಶುರು ಮಾಡಿದ್ದರು. ದಿನಾಲು ಹೊಲಕ್ಕೆ ಹೋಗಿ ದುಡಿಯುತ್ತಿದ್ದ ಮಗ ಎರಡು ತಿಂಗಳಲ್ಲಿ ಮತ್ತೆ ನಿದ್ದೆಗೆಟ್ಟು, ಯಾರೋ ಬಯ್ಯುತ್ತಿದ್ದಾರೆಂದು ಕಿವಿ ಮುಚ್ಚಿಕೊಂಡು ಕೂತಿದ್ದ. ಆ ತಾಯಿಯ ಪ್ರಶ್ನೆಗೆ ಉತ್ತರವಾಗಿ ಈ ಪಾಠ.

ಸ್ಕಿಜೋಫ್ರೇನಿಯಾ ಎಂದರೇನು?

ಇದು ಮಿದುಳಿನ ಕಾಯಿಲೆ. ಇಲ್ಲದ ಧ್ವನಿ ಕೇಳುವುದು, ಕಾರಣವಿಲ್ಲದ ಸಂಶಯ, ಸಂಬಂಧವಿಲ್ಲದ ಮಾತು, ಸ್ನಾನ ಊಟದ ಕಡೆಗೂ ಲಕ್ಷ್ಯವಿಲ್ಲದಿರುವುದು ಇದರ ಲಕ್ಷಣಗಳು. ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ. ಇದು ದೆವ್ವದ ಕಾಟವಲ್ಲ, ಯಾರ ಪಾಪದ ಫಲವೂ ಅಲ್ಲ.

ಖನಿಜಗಳಿಗೂ ಮಿದುಳಿಗೂ ಏನು ಸಂಬಂಧ?

ಕಬ್ಬಿಣ, ಸತು ಅಂದರೆ ಜಿಂಕ್, ತಾಮ್ರ, ಮ್ಯಾಂಗನೀಸ್, ಸೆಲೆನಿಯಂ ಇವು ಸೂಕ್ಷ್ಮ ಖನಿಜಗಳು. ದೇಹಕ್ಕೆ ಅತಿ ಕಡಿಮೆ ಪ್ರಮಾಣದಲ್ಲಿ ಬೇಕು, ಆದರೆ ಬೇಕೇ ಬೇಕು. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ತಯಾರಾಗಲು ಕಬ್ಬಿಣ ಬೇಕು. ಅದೇ ಡೋಪಮೈನ್ ಇನ್ನೊಂದು ರಾಸಾಯನಿಕವಾಗಿ ಬದಲಾಗಲು ತಾಮ್ರ ಬೇಕು. ಸ್ಕಿಜೋಫ್ರೇನಿಯಾದ ಹೆಚ್ಚಿನ ಔಷಧಿಗಳು ಕೆಲಸ ಮಾಡುವುದೂ ಡೋಪಮೈನ್ ಮೇಲೆಯೇ. ಆದ್ದರಿಂದ ವಿಜ್ಞಾನಿಗಳು ಬಹಳ ವರ್ಷಗಳಿಂದ ಈ ರೋಗಿಗಳ ರಕ್ತದಲ್ಲಿ ಖನಿಜಗಳನ್ನು ಅಳೆದು ನೋಡಿದ್ದಾರೆ. ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ರೋಗಿಗಳ ಗುಂಪಿನಲ್ಲಿ ಸರಾಸರಿ ಸತು ತುಸು ಕಡಿಮೆ, ತಾಮ್ರ ತುಸು ಹೆಚ್ಚು ಕಂಡಿದೆ.

ಹಾಗಾದರೆ ಈ ಪರೀಕ್ಷೆಯಿಂದ ರೋಗ ತಿಳಿಯಬಹುದೇ?

ತಿಳಿಯುವುದಿಲ್ಲ. ಸರಾಸರಿ ಎಂಬುದು ನೂರಾರು ಜನರ ಲೆಕ್ಕ. ಆರೋಗ್ಯವಂತರಲ್ಲಿಯೂ ಸತು ಕಡಿಮೆ ಇರುತ್ತದೆ, ರೋಗಿಗಳಲ್ಲಿಯೂ ಸರಿಯಾಗಿ ಇರುತ್ತದೆ. ದೇಹದಲ್ಲಿ ಸುಮಾರು 2 ಗ್ರಾಂ ಸತು ಇದ್ದರೆ ರಕ್ತದ್ರವದಲ್ಲಿ ಇರುವುದು ಅದರ ಶೇಕಡಾ 1ಕ್ಕಿಂತಲೂ ಕಡಿಮೆ. ಜ್ವರ, ಸೋಂಕು ಬಂದಾಗ ರಕ್ತದ ಸತು ಇಳಿಯುತ್ತದೆ, ತಾಮ್ರ ಏರುತ್ತದೆ. ಗರ್ಭಿಣಿಯರಲ್ಲಿಯೂ ತಾಮ್ರ ಏರುತ್ತದೆ. ಮೇಲಾಗಿ ಕಾಯಿಲೆಯವರು ಸರಿಯಾಗಿ ಊಟ ಮಾಡಿರುವುದಿಲ್ಲ. ಕೊರತೆಯಿಂದ ಕಾಯಿಲೆ ಬಂತೋ, ಕಾಯಿಲೆಯಿಂದ ಕೊರತೆ ಬಂತೋ ಎಂಬುದನ್ನು ರಿಪೋರ್ಟ್ ಹೇಳಲಾರದು.

ನಮ್ಮ ಕಡೆಯ ಕೊಳವೆಬಾವಿ ನೀರಿನ ಫ್ಲೋರೈಡ್ ಬಗ್ಗೆಯೂ ಕೆಲವರು ಕೇಳುತ್ತಾರೆ. ಅದು ಹೆಚ್ಚಾದರೆ ಹಲ್ಲು, ಎಲುಬು ಕೆಡುತ್ತವೆ. ಸ್ಕಿಜೋಫ್ರೇನಿಯಾಕ್ಕೆ ಅದು ಕಾರಣವೆಂದು ಸಾಬೀತಾಗಿಲ್ಲ.

ತಾಮ್ರದ ಪರೀಕ್ಷೆ ಯಾವಾಗ ಅವಶ್ಯ?

ವಿಲ್ಸನ್ ಕಾಯಿಲೆ ಎಂಬುದೊಂದಿದೆ. ಇದರಲ್ಲಿ ದೇಹ ಹೆಚ್ಚಿನ ತಾಮ್ರವನ್ನು ಹೊರಹಾಕಲಾರದೆ ಅದು ಯಕೃತ್ತು, ಮಿದುಳಿನಲ್ಲಿ ಸೇರುತ್ತದೆ. ಕೆಲವರಲ್ಲಿ ಮೊದಲು ಕಾಣುವುದು ಬರೀ ಮಾನಸಿಕ ಬದಲಾವಣೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 3 ದಶಕಗಳಲ್ಲಿ ತಾವು ನೋಡಿದ ಇಂಥ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದ್ದಾರೆ. ಚಿಕ್ಕ ವಯಸ್ಸಿನ ರೋಗಿಗೆ ಈ ಕೆಳಗಿನವು ಇದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ:

• ಕೈ ನಡುಕ, ಮಾತು ತೊದಲುವುದು, ಜೊಲ್ಲು ಸುರಿಯುವುದು
• ಹಿಂದೆ ಕಾಮಣಿ ಬಂದಿರುವುದು
• ಒಡಹುಟ್ಟಿದವರಿಗೆ ಇದೇ ತೊಂದರೆ
• ತಂದೆ ತಾಯಿ ರಕ್ತಸಂಬಂಧದಲ್ಲಿ ಮದುವೆಯಾಗಿರುವುದು

ಗುಳಿಗೆಗಳಿಂದಲೂ ಕೈ ನಡುಗಬಹುದು. ಬೇರ್ಪಡಿಸಿ ಹೇಳುವವರು ವೈದ್ಯರೇ. ಅವರು ಕಣ್ಣಿನ ಕಪ್ಪುಗುಡ್ಡೆಯ ಸುತ್ತ ಉಂಗುರ ಇದೆಯೇ ಎಂದು ನೋಡಿ, ರಕ್ತದ ಸೆರುಲೋಪ್ಲಾಸ್ಮಿನ್ ಮತ್ತು 24 ತಾಸಿನ ಮೂತ್ರದ ತಾಮ್ರ ಪರೀಕ್ಷೆ ಮಾಡಿಸುತ್ತಾರೆ. ಒಬ್ಬರಿಗೆ ಈ ಕಾಯಿಲೆ ಇದ್ದರೆ ಪ್ರತಿ ಒಡಹುಟ್ಟಿದವರಿಗೂ ಬರುವ ಸಂಭವ 4ರಲ್ಲಿ 1. ಆದ್ದರಿಂದ ಎಲ್ಲರನ್ನೂ ಪರೀಕ್ಷಿಸಬೇಕು. ಇದಕ್ಕೆ ಬೇರೆ ಔಷಧಿ ಇದೆ. ತಾಮ್ರ ಹೀರುವುದನ್ನು ತಡೆಯಲು ಸತುವನ್ನೇ ಔಷಧಿಯಾಗಿ ಕೊಡುವುದೂ ಉಂಟು.

ಗರ್ಭಿಣಿಯರ ಆಹಾರ

1944–45ರ ಚಳಿಗಾಲದಲ್ಲಿ ನೆದರ್ಲೆಂಡ್ಸ್ ದೇಶದಲ್ಲಿ ಭೀಕರ ಹಸಿವು ಬಿತ್ತು. ಆ ಬರದ ಕಠಿಣ ದಿನಗಳಲ್ಲಿ ಗರ್ಭದಲ್ಲಿ ಮೂಡಿದ ಮಕ್ಕಳಲ್ಲಿ ಮುಂದೆ ಸ್ಕಿಜೋಫ್ರೇನಿಯಾ ಸುಮಾರು ಎರಡು ಪಟ್ಟು ಹೆಚ್ಚು ಕಂಡಿತು. ಯಾವ ಒಂದು ಸತ್ವದ ಕೊರತೆಯಿಂದ ಹೀಗಾಯಿತೆಂದು ಅದರಿಂದ ಹೇಳಲಾಗದು. ಆದರೂ ಗರ್ಭಿಣಿ ಸೊಸೆ, ಮಗಳು ಹೊಟ್ಟೆ ತುಂಬ ಉಣ್ಣಬೇಕು, ಸರ್ಕಾರ ಉಚಿತವಾಗಿ ಕೊಡುವ ಕಬ್ಬಿಣದ ಗುಳಿಗೆಯನ್ನು ನಾಲ್ಕನೆಯ ತಿಂಗಳಿಂದ ಕನಿಷ್ಠ 180 ದಿನ ನುಂಗಬೇಕು. ಈಗಾಗಲೇ ಮಗನಿಗೆ ಕಾಯಿಲೆ ಇರುವ ತಾಯಂದಿರು ಇದನ್ನು ಓದಿ ತಮ್ಮನ್ನು ದೂಷಿಸಿಕೊಳ್ಳಬಾರದು. ಈ ರೋಗಕ್ಕೆ ಕಾರಣಗಳು ಹಲವು.

ತಾವಾಗಿಯೇ ಟಾನಿಕ್, ಭಸ್ಮ ಕೊಡಬೇಡಿ

ವಯಸ್ಕರಿಗೆ ದಿನಕ್ಕೆ 40 ಮಿಲಿಗ್ರಾಂ ಸತು ಮೇಲ್ಮಿತಿ. ಇದನ್ನು ಮೀರಿ ತಿಂಗಳುಗಟ್ಟಲೆ ತೆಗೆದುಕೊಂಡರೆ ತಾಮ್ರ ಕಡಿಮೆಯಾಗಿ ರಕ್ತಹೀನತೆ, ಕಾಲು ಜೋಮು, ನಡಿಗೆ ತಪ್ಪುವುದು ಬರಬಹುದು. ಚೀಟಿ ಇಲ್ಲದ ಪುಡಿ, ಭಸ್ಮಗಳಲ್ಲಿ ಸೀಸ, ಪಾದರಸ ಇರುವ ಅಪಾಯವಿದೆ. ಇವು ಮಿದುಳಿಗೇ ವಿಷ.

ನಮ್ಮ ಊಟದಲ್ಲಿಯೇ ಇದೆ

ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಮಡಕಿ, ಹೆಸರು, ಕಡಲೆ, ಶೇಂಗಾ, ಎಳ್ಳು, ಗುರೆಳ್ಳು, ಮೆಂತ್ಯೆ, ರಾಜಗಿರಿ ಪಲ್ಯ ಇವುಗಳಲ್ಲಿ ಕಬ್ಬಿಣ, ಸತು ಎರಡೂ ಇವೆ. ಆದರೆ ಕಾಳುಕಡಿಗಳಲ್ಲಿರುವ ಒಂದು ಅಂಶ ಇವನ್ನು ಕರುಳು ಹೀರದಂತೆ ತಡೆಯುತ್ತದೆ. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಆ ಅಂಶ ಕಡಿಮೆಯಾಗುತ್ತದೆ. ಊಟಕ್ಕೆ ಅರ್ಧ ಲಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಸೇರುತ್ತದೆ. ಇಂಡಿಯ ಲಿಂಬೆ ನಮಗೆ ದೂರವೇನಲ್ಲ. ಊಟವಾದ ಕೂಡಲೇ ಚಹಾ ಬೇಡ, ಒಂದು ತಾಸು ಬಿಡಿ.

ನೆನಪಿಡಿ

1. ಖನಿಜದ ಕೊರತೆ ಇದ್ದರೆ ವೈದ್ಯರು ಅದಕ್ಕೂ ಔಷಧಿ ಕೊಡುತ್ತಾರೆ. ಅದು ಮಾನಸಿಕ ಗುಳಿಗೆಯ ಜೊತೆಗೆ, ಅದರ ಬದಲಿಗೆ ಅಲ್ಲ.
2. ಗುಳಿಗೆಯಿಂದ ನಿದ್ದೆ, ನಡುಕ, ತೂಕ ಹೆಚ್ಚಾದರೆ ನಿಲ್ಲಿಸದೆ ಬಂದು ಹೇಳಿ. ಬದಲಿಸಲು ಬರುತ್ತದೆ.
3. ದುಡ್ಡು ಖರ್ಚು ಮಾಡಬೇಕಾದ ರಕ್ತ ಪರೀಕ್ಷೆಗಳು ಬೇರೆ: ಹಿಮೋಗ್ಲೋಬಿನ್, ಸಕ್ಕರೆ, ಕೊಬ್ಬು, ಥೈರಾಯ್ಡ್. ಕ್ಲೊಜಪಿನ್ ಗುಳಿಗೆಯವರು ಬಿಳಿ ರಕ್ತಕಣಗಳ ಪರೀಕ್ಷೆಯನ್ನು ವೈದ್ಯರು ಹೇಳಿದ ದಿನವೇ ಮಾಡಿಸಬೇಕು.
4. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ಕೇಳಿಕೊಳ್ಳಿ. ಸಲಹೆಗೆ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಮೇಲೆ ಹೇಳಿದ ಯುವಕನಿಗೆ ಗುಳಿಗೆ ಮತ್ತೆ ಶುರುವಾಯಿತು. ಧ್ವನಿಗಳು ಕಡಿಮೆಯಾಗಲು ಕೆಲವು ವಾರಗಳೇ ಬೇಕಾದವು. ಈಗ ಆ ತಾಯಿ ಮೊಳಕೆ ಮಡಕಿಯ ಉಸುಳಿ ಮಾಡಿ ಬಡಿಸುತ್ತಾರೆ, ಉಂಡ ಮೇಲೆ ಗುಳಿಗೆಯನ್ನು ತಾವೇ ಕೈಗೆ ಕೊಟ್ಟು ನುಂಗುವವರೆಗೆ ಎದುರಿಗೆ ಕೂರುತ್ತಾರೆ. ನಿಮ್ಮ ಮನೆಯಲ್ಲಿಯೂ ಎರಡೂ ನಡೆಯಲಿ.