ಹಗುರವಾದ ನಳಿಗೆ, ಬಾಗದ ನಳಿಗೆ

ಹೋದ ತಿಂಗಳ ಭಾನುವಾರದ ಪಾಠದಲ್ಲಿ ಕೊಡಗಿನ ಕಡೆಯ ತರುಣರೊಬ್ಬರು ಕೇಳಿದರು: "ರೈಫಲಿನ ನಳಿಗೆಯ ಮೈಮೇಲೆ ಉದ್ದುದ್ದ ತೋಡು ಕೊರೆದರೆ ಅದು ಹಗುರವೂ ಆಗುತ್ತದೆ, ಮೊದಲಿಗಿಂತ ಬಿಗಿಯೂ ಆಗುತ್ತದೆ ಎನ್ನುತ್ತಾರಲ್ಲ ಸಾರ್, ನಿಜವೇ?" ನಾವು ಹೌದೆಂದು ತಲೆಯಾಡಿಸಿದೆವು. ಫಿಟ್ಟರ್ ಪರೀಕ್ಷೆಗೆ ಓದುತ್ತಿರುವ ಇಬ್ಬರು ಅದನ್ನು ನೋಟುಬುಕ್ಕಿನಲ್ಲಿ ಬರೆದೂ ಕೊಂಡರು. ಮನೆಗೆ ಹೋಗಿ ಲೆಕ್ಕ ಹಾಕಿದಾಗ ನಾವು ಹೇಳಿದ್ದು ತಪ್ಪೆಂದು ಗೊತ್ತಾಯಿತು. ಅವರಿಬ್ಬರೂ ಆ ಸಾಲನ್ನು ಹೊಡೆದುಹಾಕಿ ಇದನ್ನು ಓದಬೇಕಾಗಿ ವಿನಂತಿ.

ಬಿಗಿತವೆಂದರೆ ಇಲ್ಲಿ ಬಾಗದಿರುವ ಗುಣ, ಗಡಸುತನ ಬೇರೆ. ಹದ ಕೊಟ್ಟ ದುಬಾರಿ ಉಕ್ಕು ಬೇಗ ಸವೆಯದು, ನಿಜ. ಆದರೆ ಬಾಗುವ ವಿಷಯದಲ್ಲಿ ಸಾಧಾರಣ ಉಕ್ಕಿಗೂ ಅದಕ್ಕೂ ಹೇಳಿಕೊಳ್ಳುವಷ್ಟು ವ್ಯತ್ಯಾಸವಿಲ್ಲ. ಉಕ್ಕಿನ ನಳಿಗೆಗೆ ಬಿಗಿತ ಬರಬೇಕಾದದ್ದು ಆಕಾರದಿಂದಲೇ.

ಇದಕ್ಕೇಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು? ಗುಂಡು ಹಾರುವಾಗ ನಳಿಗೆ ನಡುಗುತ್ತದೆ. ಗುಂಡು ಹೊರಬೀಳುವ ಕ್ಷಣಕ್ಕೆ ಅದರ ಬಾಯಿ ಒಂದು ಡಿಗ್ರಿಯ 60ನೆಯ ಒಂದು ಪಾಲು ಓರೆಯಾದರೂ 100 ಗಜದಾಚೆ ಗುಂಡು ಒಂದು ಅಂಗುಲ ಸರಿದು ಬೀಳುತ್ತದೆ. ಪ್ರತಿ ಸಲವೂ ಅಷ್ಟೇ ಸರಿದರೆ ಚಿಂತೆಯಿಲ್ಲ, ಗುರಿಕಟ್ಟನ್ನು ತಿದ್ದಿಕೊಳ್ಳಬಹುದು. ಸಲಕ್ಕೊಂದು ರೀತಿಯಾದರೆ ಕೈಲ್‌ಪೊಳ್ದಿನ ತೆಂಗಿನಕಾಯಿಯೂ ಸಿಕ್ಕದು!

ಈಗ ವಾಚನಾಲಯದ ಹಳೆಯ ಪತ್ರಿಕೆಯಿಂದ ಒಂದೇ ಅಳತೆಯ ಎರಡು ಹಾಳೆ ತೆಗೆದುಕೊಳ್ಳಿ. (ಆ ದಿನದ ಪತ್ರಿಕೆಯನ್ನು ಮುಟ್ಟಬೇಡಿ.) ಒಂದನ್ನು ಪೆನ್ಸಿಲಿನಷ್ಟು ಸಣ್ಣಗೆ ಬಿಗಿಯಾಗಿ ಸುತ್ತಿ, ಇನ್ನೊಂದನ್ನು ಹೆಬ್ಬೆರಳು ಹೋಗುವಷ್ಟು ಟೊಳ್ಳಾಗಿ ಸುತ್ತಿ, ಅಂಚಿಗೆ ಅಂಟು ಹಚ್ಚಿ. ಎರಡು ಕುರ್ಚಿಗಳ ನಡುವೆ ಇಟ್ಟು ಒಂದು ಸಣ್ಣ ಬೀಗ ತೂಗುಹಾಕಿದರೆ ಸಣ್ಣ ಸುರುಳಿ ಹೆಚ್ಚು ಬಾಗುತ್ತದೆ, ಟೊಳ್ಳು ಸುರುಳಿ ಕಡಿಮೆ. ಕಾಗದ ಅಷ್ಟೇ, ತೂಕ ಅಷ್ಟೇ. ನಡುವಿನಿಂದ ದೂರವಿರುವ ಪದಾರ್ಥವೇ ಹೆಚ್ಚು ದುಡಿಯುತ್ತದೆ. ಗಟ್ಟಿ ಸಲಾಕೆಯ ದಪ್ಪ ಎರಡರಷ್ಟಾದರೆ ತೂಕ 4 ಪಟ್ಟು, ಬಿಗಿತ 16 ಪಟ್ಟು.

22 ಮಿಲಿಮೀಟರ್ ದಪ್ಪದ ನಳಿಗೆಯಲ್ಲಿ 7.7 ಮಿಲಿಮೀಟರಿನ ರಂಧ್ರವಿದೆಯೆನ್ನಿ. ಆ ರಂಧ್ರದಿಂದ ತೂಕ 100ಕ್ಕೆ 12ರಷ್ಟು ಇಳಿದಿದೆ; ಬಿಗಿತ ಇಳಿದಿರುವುದು ಒಂದೂವರೆಯಷ್ಟೇ. ಹೊರಮೈಯಲ್ಲಿ ಲೆಕ್ಕ ತಿರುಗುಮುರುಗು. ಲೇತಿಗೆ ಹಾಕಿ 20 ಮಿಲಿಮೀಟರಿಗೆ ಇಳಿಸಿದರೆ ತೂಕ 100ಕ್ಕೆ 20 ಹೋಗುತ್ತದೆ, ಬಿಗಿತ 32 ಹೋಗುತ್ತದೆ. ಅಷ್ಟೇ ತೂಕವನ್ನು ತೋಡು ಕೊರೆದು ತೆಗೆದರೆ ಬಿಗಿತದ ನಷ್ಟ ಸುಮಾರು 28. ತೋಡು ಸ್ವಲ್ಪ ಒಳಗಿನ ಉಕ್ಕನ್ನೂ ತೆಗೆಯುವುದರಿಂದ ಅಷ್ಟು ಲಾಭ. ಅಂದರೆ ಸಮತೂಕದ ಸಾದಾ ನಳಿಗೆಗಿಂತ ತೋಡಿನದು ಬಿಗಿ. ತೋಡುವ ಮೊದಲಿನ ತನಗಿಂತ ಅದು ಬಿಗಿಯಲ್ಲ. ನಾವು ಎಡವಿದ್ದು ಇಲ್ಲಿ.

ಹಾಗಾದರೆ ಮೊದಲು ಕಡಿಯಬೇಕಾದದ್ದು ಉದ್ದವನ್ನು. ಒಂದೇ ದಪ್ಪದ ನಳಿಗೆಯನ್ನು 24 ಅಂಗುಲದಿಂದ 20ಕ್ಕೆ ತಂದರೆ ತೂಕ ಆರನೆಯ ಒಂದು ಪಾಲು ಇಳಿದು, ಬಿಗಿತ ಸುಮಾರು 1.7 ಪಟ್ಟಾಗುತ್ತದೆ. ಇದಕ್ಕೂ ತೆರಿಗೆಯುಂಟು: ಗುಂಡಿನ ವೇಗ ಕೊಂಚ ತಗ್ಗುತ್ತದೆ, ಸದ್ದೂ ಬೆಂಕಿಯೂ ಹೆಚ್ಚುತ್ತವೆ. ಇನ್ನು ತೆಳು ನಳಿಗೆ ಬೇಗ ಕಾಯುತ್ತದೆ. ಎರಡು ಮೂರು ಗುಂಡಿಗೆ ಸಾಕು, ಇಡೀ ದಿನದ ಪಂದ್ಯಕ್ಕಲ್ಲ. ಈಗ ತೆಳು ಉಕ್ಕಿನ ಕೊಳವೆಗೆ ಕಾರ್ಬನ್ ನಾರು ಸುತ್ತಿ ದಪ್ಪ ಮಾಡುವವರೂ ಇದ್ದಾರೆ. ನಮ್ಮ ಟೊಳ್ಳು ಕಾಗದದ ಉಪಾಯವೇ ಅದು, ಬೆಲೆ ಮಾತ್ರ ಕಾಗದದ್ದಲ್ಲ.

ನಳಿಗೆಯೊಂದನ್ನೇ ನೋಡಿದರೂ ಸಾಲದು. ಕಾಡುಯುದ್ಧದ ಸಿಪಾಯಿಯ ಹೆಗಲು ಹಗುರವಾಗಲೆಂದು ಬ್ರಿಟನ್ನಿನಲ್ಲಿ 1944ರಿಂದ ಲೀ-ಎನ್‌ಫೀಲ್ಡ್ ನಂಬರ್ 5 ಎಂಬ ರೈಫಲನ್ನು ತಯಾರಿಸಿದರು. ನಂಬರ್ 4ರ 25 ಅಂಗುಲದ ನಳಿಗೆ 19ರೊಳಗೆ ಬಂತು, ತೂಕ ಸುಮಾರು 9 ಪೌಂಡಿನಿಂದ 7ಕ್ಕೆ ಇಳಿಯಿತು. ಮೋಟು ನಳಿಗೆ ಬಿಗಿಯಾಗಿಯೇ ಇರಬೇಕಷ್ಟೆ? ಆದರೂ ಇಂದು ಕೂಡಿಸಿದ ಗುರಿ ನಾಳೆಗೆ ಅಲೆಯುತ್ತದೆಂಬ ದೂರು ಎದ್ದಿತು. ತೂಕ ಇಳಿಸಲು ನಳಿಗೆಯನ್ನು ಹಿಡಿದಿರುವ ಒಡಲಿನಿಂದಲೂ ಉಕ್ಕನ್ನು ಕೆತ್ತಿ ತೆಗೆದಿದ್ದರು. ಒಡಲೇ ಬಾಗುತ್ತಿತ್ತೆಂದು ಹಲವರ ಅಭಿಪ್ರಾಯ. 1947ರಲ್ಲಿ ಅದರ ತಯಾರಿಕೆ ನಿಂತಿತು.