ಮಧುಮೇಹ ಮತ್ತು ಮನೋಸ್ವಾಸ್ಥ್ಯ: ಸಹಾಯಕ ಸಾಧನಗಳ ವಿನ್ಯಾಸದಲ್ಲಿ ಲೆಕ್ಕಕ್ಕೆ ಬರಬೇಕಾದ ಅಂಶಗಳು

ಯಾವುದೇ ಸರಕನ್ನು ತಯಾರಿಸುವ ಮುನ್ನ ಅದನ್ನು ಬಳಸುವವರು ಯಾರು, ಅದು ನೀಗಿಸುವ ಕೊರತೆ ಯಾವುದು ಎಂದು ವಿಚಾರಿಸುವುದು ಜಾಣ ತಯಾರಕರ ವಾಡಿಕೆ. ಆರೋಗ್ಯ ಸಾಧನಗಳ ಕ್ಷೇತ್ರವನ್ನು ಪ್ರವೇಶಿಸಬಯಸುವ ಸಣ್ಣ ಉದ್ಯಮಿಗಳಿಗೂ ಈ ಮಾತು ಅನ್ವಯಿಸುತ್ತದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಮಾರುಕಟ್ಟೆ ದೊಡ್ಡದೆಂಬುದು ನಿಜ. ಆದರೆ ಕೊರತೆ ಎಲ್ಲಿದೆ ಎಂಬುದನ್ನು ಅರಿಯದೆ ಹೂಡಿದ ಬಂಡವಾಳ ಫಲ ನೀಡದು.

ಎರಡು ಬಾಧೆ, ಒಂದೇ ಖಾತೆ

ಮಧುಮೇಹಿಗಳಲ್ಲಿ ಖಿನ್ನತೆಯು ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತದೆ. ಖಿನ್ನನಾದವನು ಮಾತ್ರೆ ಮರೆಯುತ್ತಾನೆ, ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ, ನಡಿಗೆ ಬಿಡುತ್ತಾನೆ, ಸಕ್ಕರೆ ಏರುತ್ತದೆ. ಏರಿದ ಅಂಕಿಯನ್ನು ಕಂಡು ಮತ್ತಷ್ಟು ಕುಗ್ಗುತ್ತಾನೆ. ಇದು ಅಸಲು ತೀರದೆ ಬಡ್ಡಿ ಬೆಳೆಯುವ ಸಾಲದಂತೆ. ಮೇಲಾಗಿ ರಕ್ತದಲ್ಲಿ ಸಕ್ಕರೆ ಕುಸಿದಾಗ ಉಂಟಾಗುವ ನಡುಕ, ಬೆವರು, ಎದೆಬಡಿತಗಳು ಆತಂಕದ ಲಕ್ಷಣಗಳನ್ನೇ ಹೋಲುತ್ತವೆ. ಆದುದರಿಂದ ಒಂದನ್ನು ಮಾತ್ರ ಅಳೆಯುವ ಸಾಧನವು ಅರ್ಧ ಲೆಕ್ಕವನ್ನಷ್ಟೇ ತೋರಿಸುತ್ತದೆ.

ಎರಡು ಪ್ರಯೋಗಗಳ ಪಾಠ

ಈ ವಿಷಯದಲ್ಲಿ ಕರ್ನಾಟಕವನ್ನು ಒಳಗೊಂಡ ಎರಡು ಅಧ್ಯಯನಗಳು ಗಮನಾರ್ಹ. ಹರಿಯಾಣ ಮತ್ತು ಕರ್ನಾಟಕದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ‘ಎಂ-ವೆಲ್‌ಕೇರ್’ ಎಂಬ ಟ್ಯಾಬ್ಲೆಟ್ ಆಧಾರಿತ ತಂತ್ರಾಂಶವನ್ನು ಪರೀಕ್ಷಿಸಲಾಯಿತು. ರಕ್ತದೊತ್ತಡ ಮತ್ತು ಮಧುಮೇಹಗಳ ಜೊತೆಗೆ ಖಿನ್ನತೆ, ತಂಬಾಕು, ಮದ್ಯಸೇವನೆಗಳನ್ನೂ ಅದು ಪರಿಗಣಿಸುತ್ತಿತ್ತು. 2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ತಂತ್ರಾಂಶವಿದ್ದ ಕೇಂದ್ರಗಳಿಗೂ ಇಲ್ಲದ ಕೇಂದ್ರಗಳಿಗೂ ರಕ್ತದೊತ್ತಡದಲ್ಲಾಗಲಿ ಸಕ್ಕರೆಯ ಮೂರು ತಿಂಗಳ ಸರಾಸರಿಯಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

‘ಇಂಡಿಪೆಂಡೆಂಟ್’ ಎಂಬ ಇನ್ನೊಂದು ಅಧ್ಯಯನವು ದೆಹಲಿ, ಚೆನ್ನೈ, ವಿಶಾಖಪಟ್ಟಣ ಮತ್ತು ಬೆಂಗಳೂರಿನ ನಾಲ್ಕು ಚಿಕಿತ್ಸಾಲಯಗಳಲ್ಲಿ 404 ರೋಗಿಗಳನ್ನು ಒಳಗೊಂಡು ನಡೆಯಿತು. ಇಲ್ಲಿಯೂ ತಂತ್ರಾಂಶವಿತ್ತು, ಆದರೆ ಅದರ ಜೊತೆಗೆ ರೋಗಿಯನ್ನು ನಿಯಮಿತವಾಗಿ ವಿಚಾರಿಸುವ ಆರೈಕೆ ಸಂಯೋಜಕರಿದ್ದರು, ತಜ್ಞರು ಪ್ರಕರಣಗಳನ್ನು ಪರಾಮರ್ಶಿಸುತ್ತಿದ್ದರು. 2020ರಲ್ಲಿ ಪ್ರಕಟವಾದಂತೆ, 24 ತಿಂಗಳ ಬಳಿಕ ಖಿನ್ನತೆ ಅರ್ಧಕ್ಕಿಳಿದು, ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್‌ಗಳಲ್ಲಿ ಒಂದಾದರೂ ಸುಧಾರಿಸಿದವರು ಈ ಗುಂಪಿನಲ್ಲಿ ಶೇ. 71.6, ಸಾಮಾನ್ಯ ಚಿಕಿತ್ಸೆಯ ಗುಂಪಿನಲ್ಲಿ ಶೇ. 57.4.

ಇವೆರಡೂ ಬೇರೆ ಬೇರೆ ರೋಗಿಗಳ ಮೇಲೆ, ಬೇರೆ ಸನ್ನಿವೇಶಗಳಲ್ಲಿ ನಡೆದುದರಿಂದ ನೇರ ಹೋಲಿಕೆ ಸಲ್ಲದು. ಆದರೂ ಸಾಧನವನ್ನು ನಿರ್ವಹಿಸಿ ವಿಚಾರಿಸುವ ಮನುಷ್ಯನ ಕೂಲಿಯನ್ನು ಯೋಜನಾ ವೆಚ್ಚದಿಂದ ಹೊರಗಿಡುವುದು ತಪ್ಪೆಂಬ ಸೂಚನೆ ಸ್ಪಷ್ಟವಾಗಿದೆ.

ನವಲಿಯಂಥ ಊರಿಗೆ

ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ ಪ್ರಯೋಗವು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಹಾಗೂ ಕಾರ್ಯಕರ್ತರೇ ತರಬೇತಿ ಪಡೆದು ಮಾನಸಿಕ ರೋಗಿಗಳನ್ನು ನೋಡಿಕೊಳ್ಳಬಲ್ಲರೆಂಬುದನ್ನು ತೋರಿಸಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ನೆರೆಯ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಭತ್ತದ ರೈತನಾಗಲಿ, ಕಿರಾಣಿ ವರ್ತಕನಾಗಲಿ ಬಳಸುವ ಸಾಧನವೂ ಈ ತತ್ತ್ವದ ಮೇಲೆ ನಿಂತಿರಬೇಕು. ಅದರ ವಿನ್ಯಾಸದಲ್ಲಿ ಕೆಳಗಿನ ಅಂಶಗಳು ಮುಖ್ಯ:

1. ಸೂಚನೆಗಳು ಆಡುಗನ್ನಡದಲ್ಲಿ, ಧ್ವನಿಯ ಮೂಲಕ ಬರಬೇಕು. ಮಧುಮೇಹದಿಂದ ದೃಷ್ಟಿ ಮಂದವಾದವರಿಗೆ ಸಣ್ಣ ಅಕ್ಷರ ನಿರುಪಯುಕ್ತ.

2. ನೆಟ್‌ವರ್ಕ್ ಇಲ್ಲದಾಗಲೂ ಕೆಲಸ ಮಾಡಿ, ಸಿಕ್ಕಾಗ ಮಾಹಿತಿ ಕಳುಹಿಸಬೇಕು.

3. ನಡುಕ, ಗಾಬರಿ ಎಂದು ಬಳಕೆದಾರ ತಿಳಿಸಿದರೆ ಮೊದಲು ಸಕ್ಕರೆ ಪರೀಕ್ಷಿಸಲು ಹೇಳಬೇಕು. ಅಂಕಿ 70ಕ್ಕಿಂತ ಕಡಿಮೆಯಿದ್ದರೆ ಕೂಡಲೇ ಸಕ್ಕರೆ ಅಥವಾ ಗ್ಲೂಕೋಸ್ ಸೇವಿಸುವಂತೆ ಸೂಚಿಸಬೇಕು.

4. ಏರಿದ ಅಂಕಿಗೆ ಕೆಂಪು ದೀಪ, ಗದರಿಕೆಯ ಮಾತು ಬೇಡ. ಅವಮಾನವಾದವನು ಪರೀಕ್ಷೆಯನ್ನೇ ನಿಲ್ಲಿಸುತ್ತಾನೆ. ಮುಂದೇನು ಮಾಡಬೇಕೆಂಬುದನ್ನಷ್ಟೇ ತಿಳಿಸಿದರೆ ಸಾಕು.

5. ಬದುಕು ಬೇಡವೆಂಬ ಉತ್ತರ ಬಂದರೆ ಅದನ್ನು ದಾಖಲಿಸಿ ಸುಮ್ಮನಿರುವಂತಿಲ್ಲ. ಜವಾಬ್ದಾರಿ ಹೊತ್ತ ಕಾರ್ಯಕರ್ತರಿಗೂ, 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೂ ತಕ್ಷಣ ಸಂಪರ್ಕ ಕಲ್ಪಿಸಬೇಕು.

ವೆಚ್ಚ ಮತ್ತು ಕಾನೂನು

ಗ್ಲೂಕೋಮೀಟರ್ ಒಮ್ಮೆ ಕೊಳ್ಳುವ ವಸ್ತು. ಪರೀಕ್ಷಾ ಪಟ್ಟಿಯ ಖರ್ಚು ನಿರಂತರ. ವಾರಕ್ಕೆ ಎರಡು ಬಾರಿ ಪರೀಕ್ಷಿಸಿದರೂ ವರ್ಷಕ್ಕೆ 104 ಪಟ್ಟಿಗಳು ಬೇಕು. ಆದುದರಿಂದ ಬೆಲೆ ನಿಗದಿಪಡಿಸುವಾಗ ಯಂತ್ರ, ಪಟ್ಟಿ, ಸಂಯೋಜಕರ ಸಂಬಳ ಈ ಮೂರನ್ನೂ ಸೇರಿಸಿ ಬಳಕೆದಾರನ ಮೇಲಿನ ವಾರ್ಷಿಕ ಹೊರೆಯನ್ನು ಲೆಕ್ಕಹಾಕತಕ್ಕದ್ದು.

2020ರ ಏಪ್ರಿಲ್ 1ರಿಂದ ರೋಗ ಪತ್ತೆ ಅಥವಾ ಚಿಕಿತ್ಸೆಗೆ ಉದ್ದೇಶಿಸಿದ ತಂತ್ರಾಂಶವೂ ವೈದ್ಯಕೀಯ ಸಾಧನವೆಂದೇ ಪರಿಗಣಿತವಾಗಿದ್ದು, 2017ರ ವೈದ್ಯಕೀಯ ಸಾಧನಗಳ ನಿಯಮಗಳಿಗೆ ಒಳಪಡುತ್ತದೆ. ತನ್ನ ಸರಕು ಯಾವ ವರ್ಗಕ್ಕೆ ಸೇರುತ್ತದೆಂಬುದನ್ನು ಉತ್ಪಾದನೆಗೆ ಮುನ್ನವೇ ತಯಾರಕನು ಖಚಿತಪಡಿಸಿಕೊಳ್ಳಬೇಕು. ರೋಗಿಯ ಮಾಹಿತಿಯ ವಿಷಯದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಗಮನದಲ್ಲಿರಲಿ. ಸಣ್ಣ ಊರಿನಲ್ಲಿ ಒಬ್ಬ ವರ್ತಕನ ಮನೋಸ್ಥಿತಿ ಬಯಲಾದರೆ ಅವನ ಉದ್ದರಿಗೂ ಧಕ್ಕೆ ತಗಲಬಹುದು.

ಈ ಉದ್ದಿಮೆಯಲ್ಲಿ ಸಣ್ಣ ತಯಾರಕರಿಗೆ ಅವಕಾಶವಿದೆ: ದಪ್ಪಕ್ಷರದ ಮಾತ್ರೆ ಪೆಟ್ಟಿಗೆ, ಕನ್ನಡದ ಧ್ವನಿಮುದ್ರಣ, ದುರಸ್ತಿ ಸೇವೆ ಇವೆಲ್ಲ ಸ್ಥಳೀಯವಾಗಿಯೇ ಆಗಬಲ್ಲವು. ಆದರೆ ಮಾರಾಟವಾದ ಯಂತ್ರಗಳ ಸಂಖ್ಯೆಗಿಂತ, ಆರು ತಿಂಗಳ ನಂತರವೂ ಬಳಕೆಯಲ್ಲಿರುವ ಯಂತ್ರಗಳ ಸಂಖ್ಯೆಯೇ ಇಲ್ಲಿ ನಿಜವಾದ ಲಾಭದ ಅಳತೆ.